ಹಿಂದಿನ ಬೆಂಚಿನ ಮೇಡಂ

ಆ ಶಿಕ್ಷಕರ ತರಬೇತಿ ಕಾಲೇಜಿಗೆ ನೂರು ವರ್ಷ ದಾಟಿದೆ. ಶುರುವಾದದ್ದು ಒಂದು ಹಳೆಯ ಧಾನ್ಯದ ಉಗ್ರಾಣದಲ್ಲಿ. ಕಲಿಯುವವರು ಹನ್ನೊಂದು ಜನ, ಕಲಿಸುವವರು ಒಬ್ಬರೇ. ಆಮೇಲೆ ಕಲ್ಲಿನ ಕಟ್ಟಡ ಬಂತು, ಉದ್ದನೆಯ ಮೊಗಸಾಲೆ ಬಂತು, ಮೊಗಸಾಲೆಯ ಗೋಡೆಗೆ ವರ್ಷಕ್ಕೊಂದರಂತೆ ತಂಡದ ಫೋಟೋಗಳು ಬಂದವು. ಮೊದಮೊದಲಿನ ಫೋಟೋಗಳಲ್ಲಿ ಎಲ್ಲರೂ ಗಂಡಸರು, ಎಲ್ಲರ ಮುಖವೂ ಯಾರೋ ಬೈದು ಕೂರಿಸಿದ ಹಾಗಿದೆ. ಒಂದು ವರ್ಷ ಇಬ್ಬರು ಹೆಂಗಸರು ಅಂಚಿನಲ್ಲಿ ಮೈ ಮುದುಡಿ ನಿಂತಿದ್ದಾರೆ. ಅಲ್ಲಿಂದ ಹತ್ತು ಹೆಜ್ಜೆ ಮುಂದೆ ನಡೆದು ನೋಡಿದರೆ ಅರ್ಧಕ್ಕರ್ಧ ಅವರೇ.

ಆದರೆ ಇವರೆಲ್ಲ ಪಾಠ ಮಾಡುವುದನ್ನು ನಿಜವಾಗಿ ಕಲಿತದ್ದು ಆ ಕಲ್ಲಿನ ಕಟ್ಟಡದಲ್ಲಲ್ಲ. ಅಂಗಳದ ಆಚೆ ಹೆಂಚು ಹೊದಿಸಿದ ಒಂದು ಸಣ್ಣ ಶಾಲೆ ಇದೆ, ಅಭ್ಯಾಸ ಶಾಲೆ ಅಂತ ಅದರ ಹೆಸರು. ಸುತ್ತಮುತ್ತಲಿನ ಬೀದಿಗಳ ಮಕ್ಕಳು ಅಲ್ಲಿಗೆ ಬರುತ್ತಾರೆ. ತರಬೇತಿಗೆ ಬಂದವರು ಮೊದಲ ಸಲ ಚಾಕ್‌ಪೀಸು ಹಿಡಿದು ನಿಲ್ಲುವುದು ಆ ಮಕ್ಕಳ ಮುಂದೆ. "ಕ್ಷೌರ ಕಲಿಯೋಕೆ ನಮ್ಮ ಮಕ್ಕಳ ತಲೆನೇ ಬೇಕಾ?" ಎಂದು ತಂದೆತಾಯಂದಿರು ಗೊಣಗುತ್ತಿದ್ದುದುಂಟು. ಗೊಣಗುತ್ತಲೇ ಮಕ್ಕಳನ್ನು ಕಳಿಸುತ್ತಿದ್ದುದೂ ಉಂಟು. ಯಾಕೆಂದರೆ ಅಲ್ಲಿ ಎರಡನೇ ತರಗತಿಗೆ ಒಬ್ಬ ಮೇಡಂ ಇದ್ದರು, ಕಲಿಯುವವರು ಕೆಡಿಸಿಟ್ಟದ್ದನ್ನೆಲ್ಲ ಅವರು ಮಾರನೆಯ ದಿನ ರಿಪೇರಿ ಮಾಡುತ್ತಾರೆ ಎಂಬ ನಂಬಿಕೆ ಆ ಬೀದಿಗಳಲ್ಲಿತ್ತು.

ಅವರನ್ನು ಎಲ್ಲರೂ ಹಿಂದಿನ ಬೆಂಚಿನ ಮೇಡಂ ಎಂದೇ ಕರೆಯುತ್ತಿದ್ದರು. ಹೊಸಬರು ಪಾಠ ಮಾಡುವಾಗ ಅವರು ಕೋಣೆಯ ಕೊನೆಯ ಬೆಂಚಿನಲ್ಲಿ, ಮಕ್ಕಳ ಅಳತೆಯ ಆ ಬೆಂಚಿನಲ್ಲಿ, ಮೊಣಕಾಲು ಎದೆಗೆ ತಾಗುವ ಹಾಗೆ ಕೂತು, ಉದ್ದನೆಯ ಅವಲೋಕನ ಪುಸ್ತಕದಲ್ಲಿ ಬರೆಯುತ್ತಿದ್ದರು. ಪುಟದ ಎಡಭಾಗದಲ್ಲಿ ಕಂಡದ್ದು, ಬಲಭಾಗದಲ್ಲಿ ತಿದ್ದಿಕೊಳ್ಳಬೇಕಾದದ್ದು.

ಅವರೇ ಹತ್ತೊಂಬತ್ತನೇ ವಯಸ್ಸಿನಲ್ಲಿ ಅಲ್ಲಿಗೆ ಕಲಿಯಲು ಬಂದವರು. ಅಪ್ಪ ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು ಕಟ್ಟುವ ಕೆಲಸದಲ್ಲಿದ್ದರು. ಮಗಳ ಮೊದಲ ಪಾಠಕ್ಕೆಂದು ಅಮ್ಮನ ಡಬ್ಬಿಯಿಂದ ಏಳು ದೊಡ್ಡ ಗುಂಡಿಗಳನ್ನು ಆರಿಸಿ ಕೊಟ್ಟಿದ್ದೂ ಅವರೇ. ಪಾಠ 'ಏಳು' ಎಂಬ ಸಂಖ್ಯೆಯದು. ಮಕ್ಕಳ ಮುಂದೆ ನಿಂತದ್ದೇ ತಡ, ಹುಡುಗಿಯ ಕೈಯಿಂದ ಜಾರಿ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಇಡೀ ತರಗತಿ ಬೆಂಚುಗಳ ಕೆಳಗೆ ನುಗ್ಗಿತು. ಹುಡುಕಿ ತಂದು ಮೇಜಿನ ಮೇಲಿಟ್ಟರೆ ಆರೇ ಇದ್ದವು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕಂಡ ಒಬ್ಬ ಪೋರ, "ಮಿಸ್, ಅಳಬೇಡಿ. ಇನ್ನೊಂದು ನನ್ನ ಜೇಬಲ್ಲಿದೆ" ಅಂದ.

ಪಾಠ ಕೆಟ್ಟಿತು, ಇನ್ನೇನು ಮನೆಗೆ ಹೋಗುವುದೇ ಎಂದುಕೊಂಡವಳನ್ನು ಆಗಿನ ಮುಖ್ಯೋಪಾಧ್ಯಾಯಿನಿ ಹತ್ತಿರ ಕರೆದರು. "ಮಕ್ಕಳು ನಿನಗೋಸ್ಕರ ನೆಲದ ಮೇಲೆ ತೆವಳಿದ್ರಲ್ಲ, ನೋಡಿದ್ಯಾ? ಅದನ್ನ ಯಾವ ಪಾಠಯೋಜನೇಲೂ ಬರೆಯೋಕಾಗಲ್ಲ. ಕಲಿತು ಮುಗಿಸು. ಆಮೇಲೆ ಇಲ್ಲಿಗೇ ಬಾ."

ಹಾಗೆ ಬಂದವರು ಅಲ್ಲೇ ಉಳಿದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರೊಬ್ಬರ ಜೊತೆ ಮದುವೆಯಾಯಿತು, ಒಬ್ಬ ಮಗಳು ಹುಟ್ಟಿದಳು. ಗಂಡ ಮಾತು ಕಡಿಮೆಯ ಮನುಷ್ಯ. ಮಗಳಿಗೆ ಲೆಕ್ಕ ಹೇಳಿಕೊಡುತ್ತ ಕೂತಾಗ ಹೆಂಡತಿ ಬಾಗಿಲಲ್ಲಿ ಬಂದು ನಿಂತರೆ, "ನನ್ನ ಪಾಠ ನೋಡೋಕೆ ಬಂದ್ಯಾ? ಹೋಗು ತಾಯಿ, ಬೆವರು ಬರುತ್ತೆ" ಎನ್ನುವಷ್ಟು ಮಾತ್ರ.

ಬೆವರು ಬರುವುದು ಸುಳ್ಳಲ್ಲ. ಮೇಡಂ ಬರೆಯುತ್ತಿದ್ದುದರಲ್ಲಿ ಹೊಗಳಿಕೆಯೂ ಇರುತ್ತಿರಲಿಲ್ಲ, ಬೈಗುಳವೂ ಇರುತ್ತಿರಲಿಲ್ಲ. "ನೀವು ಹಲಗೆಗೆ ಪಾಠ ಮಾಡಿದಿರಿ, ಮಕ್ಕಳು ನಿಮ್ಮ ಬೆನ್ನು ನೋಡಿದರು." "ಕಿಟಕಿಯ ಪಕ್ಕದ ಮಗು ಎರಡು ಸಲ ಕೈ ಎತ್ತಿತು, ಮೂರನೆಯ ಸಲ ಎತ್ತಲಿಲ್ಲ." ತರಬೇತಿಯವರು ಎಷ್ಟೇ ಚಿಕ್ಕವರಿರಲಿ, ಎಲ್ಲರನ್ನೂ ನೀವು ಎಂದೇ ಮಾತಾಡಿಸುತ್ತಿದ್ದರು. ತಾವು ಕಂಡದ್ದನ್ನು ಬಿಟ್ಟು ಒಂದಕ್ಷರವನ್ನೂ ಬರೆದವರಲ್ಲ ಎಂಬ ಹೆಸರು ಅವರಿಗಿತ್ತು. ಆ ಹೆಸರಿನ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಕೆಲಸಕ್ಕೆ ಸೇರಿ ಹದಿನಾರನೇ ವರ್ಷ. ಕಾಲೇಜಿಗೆ ಎಂಬತ್ತನಾಲ್ಕು ತುಂಬಿತ್ತು. ಅದನ್ನು ಪದವಿ ಕಾಲೇಜಿನ ಮಟ್ಟಕ್ಕೆ ಏರಿಸಲು ಮಾನ್ಯತೆ ಬೇಕಾಗಿತ್ತು, ನೋಡಿ ಹೋಗಲು ಹೊರಗಿನಿಂದ ಒಂದು ತಂಡ ಬರುವುದಿತ್ತು. ಗೋಡೆಗಳಿಗೆ ಸುಣ್ಣ ಬಳಿದರು, ಮುರಿದ ಬೆಂಚುಗಳನ್ನು ಹಿಂದಿನ ಕೋಣೆಗೆ ತುಂಬಿದರು. ತಂಡದ ಮುಂದೆ ಮಾದರಿ ಪಾಠ ಮಾಡಲು ಒಬ್ಬ ಯುವಕನನ್ನು ಆರಿಸಿದರು. ಆ ವರ್ಷದ ಬಂಗಾರದ ಪದಕ ಅವನಿಗೇ ಎಂದು ಎಲ್ಲರೂ ಅಂದುಕೊಂಡಿದ್ದ ಹುಡುಗ. ಒಳ್ಳೆಯ ಕಂಠ, ಮುತ್ತು ಪೋಣಿಸಿದಂಥ ಅಕ್ಷರ. ಪಾಠ 'ದಿಕ್ಕುಗಳು'. ತಂಡ ಬರಲು ಒಂಬತ್ತು ದಿನ ಇರುವಾಗಿನಿಂದ ಅದೇ ಪಾಠವನ್ನು ಎರಡನೇ ತರಗತಿಯ ಮಕ್ಕಳಿಗೆ ಅವನು ದಿನ ಬಿಟ್ಟು ದಿನ ಮಾಡತೊಡಗಿದ.

ಆ ತರಗತಿಯಲ್ಲಿ ಒಬ್ಬಳು ಮಾತಿನಮಲ್ಲಿ ಇದ್ದಳು. ಹಿಂದಿನ ಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಹೆಂಗಸಿನ ಮಗಳು, ಏಳು ವರ್ಷ. ತಂದೆ ಇರಲಿಲ್ಲ. ಮೂರನೆಯ ಸಲ ಪಾಠ ನಡೆದ ದಿನ ಯುವಕ ಅವಳನ್ನೇ ಎಬ್ಬಿಸಿ, "ಸೂರ್ಯ ಯಾವ ಕಡೆ ಹುಟ್ತಾನೆ?" ಎಂದು ಕೇಳಿದ.

"ಮೊನ್ನೆ ಹುಟ್ಟಿದ ಕಡೆನೇ ಸರ್."

ತರಗತಿ ಗೊಳ್ಳೆಂದಿತು. ಮೇಡಂ ಹಿಂದಿನ ಬೆಂಚಿನಲ್ಲಿ ತುಟಿ ಬಿಗಿ ಹಿಡಿದು, "ಮಕ್ಕಳು ನಕ್ಕರು" ಎಂದು ಬರೆಯುತ್ತಿದ್ದರು. ಅಷ್ಟರಲ್ಲಿ ಏಟಿನ ಸದ್ದು ಕೇಳಿತು. ತಲೆ ಎತ್ತಿದರೆ ಯುವಕನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಹುಡುಗಿ ಅಳಲಿಲ್ಲ. ಎಡಗಿವಿಯನ್ನು ಮುಚ್ಚಿಕೊಂಡು, ಏನೋ ಕಳೆದುಹೋದುದನ್ನು ಹುಡುಕುವವಳ ಹಾಗೆ ಸುತ್ತ ನೋಡಿದಳು.

ಮೇಡಂ ಮೊದಲು ಮಾಡಿದ ಕೆಲಸ ಎದ್ದು ಓಡುವುದಲ್ಲ. "ಮಗುವಿನ ಎಡಗಿವಿಯ ಮೇಲೆ ಜೋರಾಗಿ ಹೊಡೆದರು" ಎಂದು ವಾಕ್ಯ ಪೂರ್ತಿ ಬರೆದು, ಆಮೇಲೆ ಎದ್ದರು. ಹದಿನಾರು ವರ್ಷದ ರೂಢಿ. ಆ ಒಂದು ವಾಕ್ಯಕ್ಕೆ ಹಿಡಿದ ಹೊತ್ತು ಎಷ್ಟು ಎಂದು ಅವರು ಮುಂದೆ ಎಷ್ಟೋ ಸಲ ಬೆರಳಲ್ಲಿ ಎಣಿಸಿ ನೋಡಿಕೊಂಡಿದ್ದಾರೆ.

ಕಿವಿಯಿಂದ ಎಳೆಯಷ್ಟು ರಕ್ತ ಇಳಿದಿತ್ತು. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು, ಯುವಕನೂ ಬಿಳಿಚಿಕೊಂಡು ಹಿಂದೆ ಬಂದ. "ಕಿವಿ ತಮಟೆ ಹರಿದಿದೆ. ಹೇಗಾಯ್ತು?" ಎಂದರು ಡಾಕ್ಟರು. ಮೇಡಂ ಬಾಯಿ ತೆರೆಯುವ ಮೊದಲೇ ಅವನು, "ಬೆಂಚಿಂದ ಬಿದ್ದಳು ಸರ್" ಅಂದ. ಡಾಕ್ಟರು ಬರೆದುಕೊಂಡರು. ಮೇಡಂ ಅಲ್ಲಗಳೆಯಲಿಲ್ಲ. ಮೊದಲು ಔಷಧಿ ಬೀಳಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡರು.

ಸಂಜೆ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯ ಮನುಷ್ಯ. ಎಂದೂ ದನಿ ಎತ್ತಿದವರಲ್ಲ. ತಾವೇ ಲೋಟಕ್ಕೆ ನೀರು ಬಗ್ಗಿಸಿ ಮುಂದಿಟ್ಟರು.

"ಎಂಬತ್ನಾಲ್ಕು ವರ್ಷದಿಂದ ಒಬ್ಬರಾದ ಮೇಲೆ ಒಬ್ಬರು ಇದನ್ನ ಹೆಗಲ ಮೇಲೆ ಹೊತ್ಕೊಂಡು ಬಂದಿದಾರೆ ಮೇಡಂ. ನನ್ನ ಕಾಲದಲ್ಲಿ ಕೆಳಗೆ ಬೀಳಬಾರದು."

"ಮಗು ಕಿವಿ ಸರ್..."

"ವಾಸಿಯಾಗುತ್ತೆ ಅಂತ ಡಾಕ್ಟರೇ ಹೇಳಿದಾರಲ್ಲ. ಆ ಹುಡುಗನ ಬದುಕು ಕೆಟ್ಟರೆ ಅದು ವಾಸಿಯಾಗಲ್ಲ. ಬರೋ ತಂಡದವರು ಮೊದಲು ಕೇಳೋದೇ ನಿಮ್ಮ ಪುಸ್ತಕ. ನಿಮ್ಮ ಮಾತಿಗೆ ಅಷ್ಟು ಬೆಲೆ ಇದೆ. ಇವತ್ತಿನ ಪುಟ ಅದರಲ್ಲಿರಬಾರದು, ಅಷ್ಟೇ ನಾನು ಕೇಳೋದು."

ಹೆದರಿಸಿದ್ದರೆ ಅವರು ಸೆಟೆದು ನಿಲ್ಲುತ್ತಿದ್ದರೇನೋ. ಪ್ರಿನ್ಸಿಪಾಲರು ಬೇಡಿಕೊಂಡರು. ಮೇಡಂ ನೀರು ಕುಡಿದು ಪುಸ್ತಕವನ್ನು ಮನೆಗೆ ತಂದರು.

ಹೊಲಿದು ಕಟ್ಟಿದ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ ಆಚೆ ಕಡೆಯಿಂದ ಸಡಿಲವಾಗಿ ಉದುರುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಪುಸ್ತಕ ಕಟ್ಟುವವರ ಮಗಳಿಗೆ ಅದನ್ನು ತಪ್ಪಿಸುವ ದಾರಿ ತಿಳಿದಿತ್ತು. ಹೊಲಿಗೆಯ ಪಕ್ಕ ಬೆರಳಗಲದ ಪಟ್ಟಿ ಬಿಟ್ಟು, ಅಳತೆಪಟ್ಟಿ ಇಟ್ಟು ಕತ್ತರಿಸಿ, ಉಳಿದ ಪಟ್ಟಿಯನ್ನು ಪಕ್ಕದ ಹಾಳೆಗೆ ತೆಳುವಾಗಿ ಅಂಟಿಸಬೇಕು. ಬ್ಲೇಡು ಕೇಳಿದಾಗ ಗಂಡ ಕ್ಷೌರದ ಪೆಟ್ಟಿಗೆಯಿಂದ ಹೊಸದೊಂದನ್ನು ತಂದುಕೊಟ್ಟರು. "ಏನು ಮಾಡ್ತಿದೀಯ?" ಅಂದರು. "ಹಾಳಾದ ಹಾಳೆ ಒಂದಿದೆ" ಅಂದರು ಇವರು. ಕತ್ತರಿಸಿದ್ದನ್ನು ಒಲೆಗೆ ಹಾಕಿ, ಮುಂದಿನ ಪುಟದಲ್ಲಿ ಅದೇ ತಾರೀಕು ಹಾಕಿ, "ದಿಕ್ಕುಗಳು. ಪಾಠ ಕ್ರಮಬದ್ಧವಾಗಿತ್ತು" ಎಂದು ಬರೆದರು. ಅಪ್ಪ ಬದುಕಿದ್ದರೆ ಆ ಕೈಕೆಲಸವನ್ನು ಮೆಚ್ಚುತ್ತಿದ್ದರು. ಅಷ್ಟು ಅಚ್ಚುಕಟ್ಟಾಗಿತ್ತು.

ಮಾರನೆಯ ದಿನ ಹುಡುಗಿಯ ತಾಯಿ ಬಂದಳು, ಸೆರಗಿನ ತುದಿಗೆ ಚುಚ್ಚಿದ ಸೂಜಿ ಹಾಗೇ ಇತ್ತು.

"ಇವಳು ಮೇಷ್ಟ್ರು ಹೊಡೆದ್ರು ಅಂತಾಳೆ ಮೇಡಂ. ಆಸ್ಪತ್ರೆ ಚೀಟೀಲಿ ಬಿದ್ದಳು ಅಂತಿದೆ. ಯಾವುದು ನಿಜ?"

ಹುಡುಗಿ ತಾಯಿಯ ಪಕ್ಕದಲ್ಲೇ ನಿಂತಿದ್ದಳು, ಕಿವಿಗೆ ಹತ್ತಿ. ಮೇಡಂ ನೋಡಿದ್ದು ತಾಯಿಯನ್ನು. "ಬಿದ್ದಳಮ್ಮ" ಎಂದರು.

"ಸರಿ ಬಿಡಿ. ನೀವೇ ಅಲ್ಲಿದ್ರಲ್ಲ, ನೀವು ಹೇಳಿದ ಮೇಲೆ ಮುಗೀತು" ಎಂದು ತಾಯಿ ಮಗಳ ಕೈ ಹಿಡಿದು ಎಳೆದುಕೊಂಡು ಹೋದಳು.

ತಂಡ ಬಂತು, ಮಾನ್ಯತೆ ಸಿಕ್ಕಿತು, ಯುವಕನಿಗೆ ಪದಕವೂ ಸಿಕ್ಕಿತು. ಅವನು ದೂರದ ಊರಿನ ಕೆಲಸಕ್ಕೆ ಹೋದ. ಮುಂದೆ ಶಾಲೆಗಳ ತನಿಖಾಧಿಕಾರಿಯಾದನೆಂದು ಸುದ್ದಿ. ಕಿವಿ ಮಾತ್ರ ವಾಸಿಯಾಗಲಿಲ್ಲ. ಕೀವು ಕಟ್ಟಿತು, ಒಣಗಿತು, ಮತ್ತೆ ಕಟ್ಟಿತು. ಎರಡು ವರ್ಷದಲ್ಲಿ ಎಡಗಿವಿ ಪೂರ್ತಿ ಹೋಯಿತು, ಬಲದ್ದೂ ಮಂದವಾಯಿತು. ಅದಕ್ಕಿಂತ ಮೊದಲು ಹೋದದ್ದು ಮಾತು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅದರ ಮೇಲೆ ಒಂದು ಶಬ್ದ ಇಲ್ಲ. ಮೇಡಂ ಅವಳನ್ನು ಎಡಗಡೆಯ ಗೋಡೆಯ ಪಕ್ಕ ಮುಂದಿನ ಸಾಲಿನಲ್ಲಿ ಕೂರಿಸಿದರು, ಕೇಳುವ ಕಿವಿ ತರಗತಿಯ ಕಡೆಗಿರಲಿ ಎಂದು. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ, "ಆ ಮಗುವಿಗೆ ಮುಖ ಕೊಟ್ಟು ಮಾತಾಡಿ" ಎಂದು ಹೇಳಿದರು. ತಾವೂ ಹಾಗೇ ಮಾತಾಡಿದರು, ನಿಧಾನವಾಗಿ, ತುಟಿ ಕಾಣುವಂತೆ. ಹೇಳಬೇಕಾದ ಒಂದೇ ಒಂದು ಮಾತನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾತಾಡಿದರು. ನಾಲ್ಕನೇ ತರಗತಿ ಮುಗಿಸಿ ಹುಡುಗಿ ಬೇರೆ ಶಾಲೆಗೆ ಹೋದಳು.

ಹದಿನಾಲ್ಕು ವರ್ಷ ಹೀಗೇ ಕಳೆಯಿತು. ಮೇಡಂ ಅಭ್ಯಾಸ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. ತರಬೇತಿಗೆ ಸೇರಲು ಅರ್ಜಿ ಹಾಕಿದವರನ್ನು ಆರಿಸುವ ಮೂವರಲ್ಲಿ ಅವರೂ ಒಬ್ಬರು. ಆ ವರ್ಷ ನಡುಮಧ್ಯಾಹ್ನದ ಹೊತ್ತಿಗೆ ಒಳಗೆ ಬಂದ ಇಪ್ಪತ್ತೊಂದರ ಹುಡುಗಿ ಬಾಗಿಲಲ್ಲಿ ಒಂದು ಕ್ಷಣ ನಿಂತು, ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಸರಿಸಿ, ಬಲಗಿವಿ ಮೂವರ ಕಡೆಗೆ ಬರುವ ಹಾಗೆ ಕೂತಳು. ಆ ಒಂದು ಚಲನೆಯಲ್ಲೇ ಮೇಡಂಗೆ ಗುರುತು ಹತ್ತಿತು.

ಹೊಸ ಪ್ರಿನ್ಸಿಪಾಲರು ಚುರುಕಿನ ಹೆಂಗಸು. ವೈದ್ಯಕೀಯ ಪತ್ರ ಓದಿ ಹುಬ್ಬು ಗಂಟಿಕ್ಕಿದರು. "ಅಂಕ ಚೆನ್ನಾಗಿದೆ. ಆದರೆ ನಲವತ್ತು ಮಕ್ಕಳ ಗದ್ದಲದಲ್ಲಿ ಹೇಗಮ್ಮ ನಿಭಾಯಿಸ್ತೀಯ? ಹುಟ್ಟಿನಿಂದಾನಾ ಇದು?"

"ಅಲ್ಲ ಮೇಡಂ. ಎರಡನೇ ಕ್ಲಾಸಲ್ಲಿ." ಹುಡುಗಿ ಹಿಂದಿನ ಬೆಂಚಿನ ಮೇಡಂ ಕಡೆ ನೋಡಲಿಲ್ಲ. "ಬೆಂಚಿಂದ ಬಿದ್ದೆ ಅಂತ ದಾಖಲೇಲಿದೆ."

ಕೋಪವಿಲ್ಲದೆ, ಕೊಂಕಿಲ್ಲದೆ, ಅರ್ಜಿಯ ಒಂದು ಕಾಲಂ ತುಂಬಿದ ಹಾಗೆ ಹೇಳಿದ ಮಾತು. ಮೇಡಂ ಮೇಜಿನ ಅಂಚು ಹಿಡಿದು ಎದ್ದು ನಿಂತರು, ಯಾಕೆ ಎದ್ದರೋ ಅವರಿಗೇ ಗೊತ್ತಿಲ್ಲ.

"ಅವಳು ಬೀಳಲಿಲ್ಲ. ಪಾಠ ಮಾಡ್ತಿದ್ದವರು ಹೊಡೆದ್ರು. ನಾನು ಹಿಂದಿನ ಬೆಂಚಲ್ಲಿದ್ದೆ, ನೋಡಿದೆ, ಬರೆದೆ. ಆಮೇಲೆ ಆ ಹಾಳೆನ ನಾನೇ ತೆಗೆದೆ."

ಪ್ರಿನ್ಸಿಪಾಲರು ಕೈಯಲ್ಲಿದ್ದ ವೈದ್ಯಕೀಯ ಪತ್ರವನ್ನು ಕೆಳಗಿಟ್ಟರು.

"ಮೇಡಂ, ಇದನ್ನ ನೀವು ಇಲ್ಲಿ ಹೇಳಿದ ಮೇಲೆ ನಾನು ಬರ್ಕೊಳ್ಳಲೇಬೇಕಾಗುತ್ತೆ. ಗೊತ್ತಲ್ಲ?" ಎಂದರು ಪ್ರಿನ್ಸಿಪಾಲರು, ಮೆಲ್ಲಗೆ.

"ಬರ್ಕೊಳ್ಳಿ."

ಹುಡುಗಿಗೆ ಸೀಟು ಸಿಕ್ಕಿತು. ಅಭ್ಯಾಸ ಪಾಠಗಳಲ್ಲಿ ಎಲ್ಲರಂತೆ ತೇರ್ಗಡೆಯಾಗಬೇಕು, ವಿನಾಯಿತಿ ಇಲ್ಲ ಎಂಬ ಷರತ್ತಿನ ಮೇಲೆ. ಮೇಡಂ ಮೂರು ಪುಟದ ಹೇಳಿಕೆ ಬರೆದುಕೊಟ್ಟರು. ವಿಚಾರಣೆ ಆರು ತಿಂಗಳು ನಡೆಯಿತು. ಯುವಕನಾಗಿದ್ದ ಆ ಅಧಿಕಾರಿ, ತನಗೆ ಏನೂ ನೆನಪಿಲ್ಲ ಎಂದು ಒಂದು ಸಾಲಿನಲ್ಲಿ ಬರೆದು ಕೈ ತೊಳೆದುಕೊಂಡರು. ಹಾಳೆ ಬೂದಿಯಾಗಿತ್ತು. ಪುಸ್ತಕ ತೆಗೆದು ಬೆಳಕಿಗೆ ಹಿಡಿದಾಗ ಹೊಲಿಗೆಯ ಪಕ್ಕದ ಪಟ್ಟಿ ಕಂಡಿತು, ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಹಾಗಾಗಿ ಸಾಬೀತಾದದ್ದು ಒಂದೇ, ಮೇಡಂ ದಾಖಲೆ ಕೆಡಿಸಿದ್ದು. ಮುಖ್ಯೋಪಾಧ್ಯಾಯಿನಿಯ ಸ್ಥಾನದಿಂದ ಇಳಿಸಿ ಅವರನ್ನು ಮತ್ತೆ ಎರಡನೇ ತರಗತಿಗೆ ಹಾಕಿದರು. ಸೇವಾ ಪುಸ್ತಕದಲ್ಲಿ ಛೀಮಾರಿ ಬರೆದರು. ಚಹಾದ ಹೊತ್ತಿಗೆ ಅವರು ಕೋಣೆಗೆ ಬಂದರೆ ಮಾತು ನಿಲ್ಲತೊಡಗಿತು.

ನಿವೃತ್ತರಾಗಿದ್ದ ಹಳೆಯ ಪ್ರಿನ್ಸಿಪಾಲರು ಕೋಲೂರಿಕೊಂಡು ಮನೆಗೇ ಬಂದರು.

"ನನ್ನ ಹೆಸರೂ ಬರೆದ್ರಾ?"

"ಬರೆದೆ ಸರ್."

"ಹದಿನಾಲ್ಕು ವರ್ಷ ಸುಮ್ಮನಿದ್ದವರಿಗೆ ಇನ್ನು ನಾಲ್ಕು ವರ್ಷ ತಡೆಯೋಕಾಗಲಿಲ್ವಾ? ನಾನೇ ಹೋಗಿರ್ತಿದ್ದೆ. ನನಗೇನು ಬಂತು ಅದರಿಂದ? ಸಂಸ್ಥೆಗೋಸ್ಕರ ಮಾಡಿದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ ಸರ್."

ಇಟ್ಟ ಚಹಾ ಮುಟ್ಟದೆ ಅವರು ಎದ್ದು ಹೋದರು. ಗಂಡ ಗೇಟಿನವರೆಗೆ ಕೈ ಹಿಡಿದು ನಡೆಸಿ ಬಿಟ್ಟು ಬಂದು, ಬಾಗಿಲಲ್ಲಿ ಚಪ್ಪಲಿ ಕಳಚಿದರು. "ಅವತ್ತು ಬ್ಲೇಡು ನಾನೇ ಕೊಟ್ಟೆ. ನಿನ್ನ ಮುಖ ನೋಡಿದ್ರೆ ಏನೋ ಇದೆ ಅಂತ ಗೊತ್ತಾಗ್ತಿತ್ತು. ಇನ್ನೊಂದ್ಸಲ ಕೇಳಬಹುದಿತ್ತು" ಅಂದರು. ಅಷ್ಟೇ ಅಂದರು. ಅಂದಿನಿಂದ ಬೆಳಿಗ್ಗೆ ಅವರನ್ನು ಶಾಲೆಯ ಬಾಗಿಲವರೆಗೆ ನಡೆಸಿಕೊಂಡು ಹೋಗಿ, ಅಲ್ಲಿಂದ ತಮ್ಮ ಕಚೇರಿಗೆ ಹೋಗತೊಡಗಿದರು. ಸಹೋದ್ಯೋಗಿಗಳು ಮುಖ ತಿರುಗಿಸುವ ಆ ಅಂಗಳದವರೆಗೂ ಜೊತೆಗೊಬ್ಬರಿದ್ದರು.

ಎಲ್ಲಕ್ಕಿಂತ ಕಷ್ಟದ ಕೆಲಸ ಹಿಂದಿನ ಬೀದಿಗೆ ಹೋಗುವುದು. ಹೇಳಿಕೆ ಬರೆದುಕೊಟ್ಟ ವಾರದ ಭಾನುವಾರ ಮಧ್ಯಾಹ್ನವೇ ಹೋಗಿದ್ದರು. ಹೊಲಿಗೆಯವಳು ಯಂತ್ರದ ಮುಂದೆ ಕೂತಿದ್ದಳು, ಕಾಲಡಿ ಬಟ್ಟೆಯ ಚೂರುಗಳು. ಮೇಡಂ ನಿಂತೇ ಎಲ್ಲವನ್ನೂ ಹೇಳಿದರು. ಅವಳು ಕಾಲನ್ನು ಪೆಡಲಿನ ಮೇಲಿಂದ ತೆಗೆದಳು.

"ಮಗಳು ಮೊನ್ನೆನೇ ಹೇಳಿದಳು. ನಿಮಗೊಂದು ವಿಷಯ ಗೊತ್ತಾ ಮೇಡಂ? ಅವತ್ತು ಮನೆಗೆ ಬಂದು ನಾನು ಅವಳಿಗೆ ಸುಳ್ಳಿ ಅಂದೆ. ಮೇಷ್ಟ್ರ ಮೇಲೆ ಸುಳ್ಳು ಹೇಳ್ತೀಯಾ ಅಂದೆ. ಬುದ್ಧಿ ಬರಲಿ ಅಂತ ಒಂದು ವಾರ ಮಾತು ಬಿಟ್ಟೆ. ಕಿವಿ ನೋವಲ್ಲಿದ್ದ ಮಗು ಜೊತೆ." ಅವಳು ಸೂಜಿಯ ಕೆಳಗಿದ್ದ ಬಟ್ಟೆಯನ್ನು ಸುಮ್ಮನೆ ಸರಿಮಾಡಿದಳು. "ಎಲ್ಲಾ ಬರೆದುಕೊಟ್ರಂತಲ್ಲ. ಇದನ್ನ ಎಲ್ಲಿ ಬರೀತೀರಿ?"

ಹೊಲಿಗೆಯವಳು ಕೂತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಓಡತೊಡಗಿತು. ಮೇಡಂ ಬೀದಿಗಿಳಿದು ಮನೆಗೆ ಬಂದರು.

ಅದೇ ವರ್ಷ ಆ ಹುಡುಗಿಯ ಮೊದಲ ಅಭ್ಯಾಸ ಪಾಠ ಎರಡನೇ ತರಗತಿಗೇ ಬಿತ್ತು. ಮೇಡಂ ಹಿಂದಿನ ಬೆಂಚಿನಲ್ಲಿ ಪುಸ್ತಕ ತೆರೆದು ಕೂತರು, ಕಾಲು ಮಡಚಲು ಈಗ ಮೊದಲಿನಷ್ಟು ಆಗುತ್ತಿರಲಿಲ್ಲ. ಹುಡುಗಿ ಮೇಜಿನ ಹಿಂದೆ ನಿಲ್ಲಲೇ ಇಲ್ಲ. ಉತ್ತರ ಹೇಳುವ ಮಗುವಿನ ಹತ್ತಿರ ಹೋಗಿ, ಬಾಗಿ, ಬಲಗಿವಿ ಕೊಟ್ಟು ಕೇಳಿದಳು. ಮೂಲೆಯಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಏನೋ ಗೊಣಗಿದ. "ನನಗೆ ಕೇಳಿಸಲಿಲ್ಲ, ಮುಖ ಎತ್ತಿ ಇನ್ನೊಂದ್ಸಲ ಹೇಳು" ಎಂದಳು. ಅವನು ಹೇಳಿದ. ತಪ್ಪು ಉತ್ತರ. "ಯಾಕೆ ಹಾಗನ್ನಿಸ್ತು?" ಎಂದಳು. ಅವನು ಅದನ್ನೂ ಹೇಳಿದ. ಎಂದೂ ಬಾಯಿ ಬಿಡದ ಹುಡುಗ ಅವನು. ಅವನ ಮಾತು ಕೇಳಲು ಉಳಿದವರೆಲ್ಲ ಗದ್ದಲ ನಿಲ್ಲಿಸಿದ್ದರು.

ಪಾಠ ಮುಗಿದ ಮೇಲೆ ಮೇಡಂ ಎದ್ದು ಹತ್ತಿರ ಹೋದರು. "ನಾನು ನಿಮ್ಮ ಹತ್ತಿರ..." ಎಂದು ಶುರುಮಾಡಿದರು.

ಹುಡುಗಿ ತಡೆದಳು. "ಮೇಡಂ, ಅದು ಈಗ ಬೇಡ. ಯಾವತ್ತಾದ್ರೂ ಕೇಳೋ ಹಾಗಾದ್ರೆ ನಾನೇ ಹೇಳ್ತೀನಿ. ಪಾಠದಲ್ಲಿ ಏನು ತಪ್ಪಿತ್ತು, ಅದನ್ನ ಹೇಳಿ."

ಮೇಡಂ ಪುಸ್ತಕ ತಿರುಗಿಸಿ ಅವಳ ಮುಂದಿಟ್ಟರು. "ಹಲಗೆಯ ಮೇಲಿನ ಅಕ್ಷರ ಕೊನೆಯ ಸಾಲಿಗೆ ಚಿಕ್ಕದಾಯಿತು. ಬಲಗಡೆಯ ಸಾಲಿಗೆ ಎರಡು ಸಲ ಮಾತ್ರ ಹೋದಿರಿ." ಹುಡುಗಿ ಓದಿ ತಲೆಯಾಡಿಸಿದಳು. ಮುಂದಿನ ಪಾಠದಲ್ಲಿ ಅಕ್ಷರ ದೊಡ್ಡದಾಯಿತು, ಬಲಗಡೆಯ ಸಾಲಿಗೆ ಆರು ಸಲ ಹೋದಳು. ಎರಡು ವರ್ಷ ಅವರಿಬ್ಬರ ನಡುವೆ ನಡೆದದ್ದು ಇದೇ ಮಾತುಕತೆ. ಅದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿಯೇ ಅರಿತುಕೊಂಡರು.

ಕಾಲೇಜಿಗೆ ನೂರು ತುಂಬಿದಾಗ ಅದರ ಚರಿತ್ರೆ ಬರೆಸಿದರು. ಬರೆದವರು ನಿವೃತ್ತ ಇತಿಹಾಸದ ಮೇಷ್ಟ್ರು. ಉಗ್ರಾಣದಿಂದ ಹಿಡಿದು ಹೊಸ ಹಾಸ್ಟೆಲಿನವರೆಗೆ ಎಲ್ಲವನ್ನೂ ಕೆದಕಿ ತೆಗೆದಿದ್ದರು. ಅಭ್ಯಾಸ ಶಾಲೆಯ ಅಧ್ಯಾಯಕ್ಕಾಗಿ ಮೇಡಂ ಹತ್ತಿರ ಬಂದು ಹಳೆಯ ನೆನಪು ಕೇಳಿದರು. ಮೇಡಂ ಹೇಳಿದರು. ಮೇಷ್ಟ್ರು ಪೆನ್ನು ಮುಚ್ಚಿಟ್ಟರು.

"ಇದು ಚರಿತ್ರೆಗೆ ಬೇಕಾ ಮೇಡಂ? ಉತ್ಸವದ ಹೊತ್ತು."

"ಬೇಡ ಅಂದ್ರೆ ನನ್ನ ಹೆಸರು ಎಲ್ಲೂ ಹಾಕಬೇಡಿ. ಹಾಕೋದಾದ್ರೆ ಇದನ್ನೂ ಹಾಕಿ. ಜಾಸ್ತಿ ಬೇಡ, ಆದರೆ ಒಂದು ವಾಕ್ಯ ನಾನು ಹೇಳಿದ ಹಾಗೇ ಇರಬೇಕು."

ಸಮಿತಿಯಲ್ಲಿ ಇದರ ಮೇಲೆ ಮೂರು ಸಭೆ ಜಗಳವಾಯಿತು. ಕೊನೆಗೆ ಮೇಷ್ಟ್ರೇ ಪಟ್ಟು ಹಿಡಿದು ಸಾಧಿಸಿದರು. ಹಾಸ್ಟೆಲ್ ಕಟ್ಟಡಕ್ಕೂ ಆಟದ ಬಹುಮಾನಗಳಿಗೂ ನಡುವೆ ನಾಲ್ಕು ವಾಕ್ಯ ಅಚ್ಚಾದವು: ಮಾನ್ಯತೆಯ ವರ್ಷ ಪಾಠದ ವೇಳೆ ಒಂದು ಮಗುವಿಗೆ ಪೆಟ್ಟಾಯಿತು. ಸಂಸ್ಥೆ ಅದನ್ನು ಮರೆಮಾಚಿತು. ಮಗುವಿನ ತಾಯಿಗೆ ಸುಳ್ಳು ಹೇಳಲಾಯಿತು. ಮಗು ಹೇಳಿದ್ದೇ ನಿಜವಾಗಿತ್ತು.

ಆ ಪುಸ್ತಕದ ಒಂದು ಪ್ರತಿಯನ್ನು ಹುಡುಗಿ ಮನೆಗೆ ಒಯ್ದು ತಾಯಿಗೆ ಓದಿ ಹೇಳಿದಳಂತೆ. ಕೊನೆಯ ವಾಕ್ಯವನ್ನು ತಾಯಿ ಎರಡು ಸಲ ಓದಿಸಿದಳಂತೆ. ಏನೆಂದಳು ಎಂದು ಮೇಡಂ ಕೇಳಲಿಲ್ಲ, ಹುಡುಗಿಯೂ ಹೇಳಲಿಲ್ಲ. ಆದರೆ ಕೆಲವು ತಿಂಗಳಾದ ಮೇಲೆ ಮೇಡಂ ಆ ಬೀದಿಯಲ್ಲಿ ಹೋಗುವಾಗ ಹೊಲಿಗೆಯವಳು ಯಂತ್ರ ನಿಲ್ಲಿಸಿ ತಲೆ ಎತ್ತಿ, "ಮೊಣಕಾಲು ನೋವಾ? ಕುಂಟ್ತಿದೀರಲ್ಲ" ಎಂದು ಕೇಳಿದಳು. "ಹೌದಮ್ಮ, ಎಡಗಾಲು" ಎಂದರು ಮೇಡಂ. ಅವಳು ಮತ್ತೆ ಹೊಲಿಗೆಗೆ ಬಾಗಿದಳು. ಕ್ಷಮಿಸಿದಳೆಂದು ಮೇಡಂ ಎಂದೂ ಅಂದುಕೊಳ್ಳಲಿಲ್ಲ.

ನಿವೃತ್ತಿಗೆ ಸಮಾರಂಭ ಬೇಡ ಎಂದು ಬರೆದುಕೊಟ್ಟಿದ್ದರು. ಅವರ ಜಾಗಕ್ಕೆ ಬಂದವಳು, ಐದು ವರ್ಷ ಬೇರೆ ಶಾಲೆಯಲ್ಲಿ ದುಡಿದು ಹೆಸರು ಮಾಡಿದ್ದ ಆ ಹುಡುಗಿಯೇ. ಈಗ ಮಕ್ಕಳು ಅವಳನ್ನು ಮಿಸ್ ಎನ್ನುತ್ತಿದ್ದರು. ಕೊನೆಯ ದಿನ ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಸಾಲು ನಿಂತಿದ್ದಾಗ ಇಬ್ಬರೂ ಖಾಲಿ ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ನಡೆದರು. ಮೇಡಂ ಪ್ರತಿ ಜಾಗದ ಮೇಲೂ ಕೈ ಇಟ್ಟು ಹೇಳಿದರು.

"ಇಲ್ಲಿ ಕೂರೋನು ಎಡಗೈಯಲ್ಲಿ ಬರೀತಾನೆ, ಬಿಡಿ, ಬದಲಾಯಿಸಬೇಡಿ. ಇವಳಿಗೆ ಹಲಗೆ ಕಾಣಲ್ಲ, ಮನೇಲಿ ಹೇಳೋಕೆ ಹೆದರ್ತಾಳೆ, ಅವರಪ್ಪನ್ನ ನೀವೇ ಕರೆಸಿ. ಇವರಿಬ್ಬರು ಅಕ್ಕ ತಂಗಿಯರ ಮಕ್ಕಳು, ಜೊತೆಗೆ ಕೂರಿಸಿದ್ರೆ ಜಗಳ, ಬೇರೆ ಕೂರಿಸಿದ್ರೆ ಅಳು. ಇವನು ಬೆಳಿಗ್ಗೆ ಏನೂ ತಿಂದಿರಲ್ಲ, ಮೊದಲ ಗಂಟೇಲಿ ಪ್ರಶ್ನೆ ಕೇಳಬೇಡಿ. ಇವಳು ಹಾಡ್ತಾಳೆ, ಕೇಳಿದ್ರೆ ಮಾತ್ರ."

"ನಲವತ್ತು ಜನ ಮೇಡಂ. ಇಷ್ಟೆಲ್ಲಾ ತಲೇಲಿ ಹೇಗೆ ಇಟ್ಕೊಳ್ಳೋದು?"

"ಒಂದು ತಿಂಗಳು ಹೋಗ್ಲಿ. ಇವರ ಬಗ್ಗೆ ನನಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾಗಿರುತ್ತೆ."

ಮೂರನೇ ಸಾಲಿನ ಕೊನೆಯ ಜಾಗಕ್ಕೆ ಬಂದಾಗ ಮೇಡಂ ಸ್ವಲ್ಪ ತಡೆದರು. "ಈ ಹುಡುಗಿ ಹೋದ ವಾರ ಬಂದವಳು. ನಾನಿನ್ನೂ ಪೂರ್ತಿ ನೋಡಿಲ್ಲ" ಎಂದರು. ಅಷ್ಟರಲ್ಲಿ ಮಕ್ಕಳು ಒಳಗೆ ನುಗ್ಗಿದರು, ಕೋಣೆ ತುಂಬಿತು. ಹೊಸ ಮಿಸ್ ಬಾಗಿ ಆ ಹುಡುಗಿಯ ಹತ್ತಿರ ಏನೋ ಕೇಳುತ್ತಿದ್ದಳು. ಮೇಡಂ ಗೋಡೆಯ ಪಕ್ಕದಿಂದ ಮಕ್ಕಳನ್ನು ತಪ್ಪಿಸಿಕೊಂಡು ಮೆಲ್ಲಗೆ ಹೊರಗೆ ಬಂದರು. ಗಂಡ ಗೇಟಿನ ಹತ್ತಿರ ಕಾಯುತ್ತಿದ್ದರು.